ಅಗ್ಗದ ಕನ್ನಡಿ ದೂರದರ್ಶಕ: ಯಾವ ಕನ್ನಡಿಗೆ ಯಾವ ಪರೀಕ್ಷೆ?

ಇಪ್ಪತ್ತು ಸಾವಿರ ರೂಪಾಯಿಯೊಳಗೆ ಸಿಗುವ ಕನ್ನಡಿ ದೂರದರ್ಶಕಗಳಲ್ಲಿ ಬಹಳ ಒಳ್ಳೆಯವೂ ಇವೆ, ದುಡ್ಡು ದಂಡವಾಗುವಂಥವೂ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಅದೇ ಹೊಳೆಯುವ ಕೊಳವೆ, ಅದೇ ಮೂರು ಕಾಲಿನ ಸ್ಟ್ಯಾಂಡ್, ಪೆಟ್ಟಿಗೆಯ ಮೇಲೆ ಶನಿಯ ಅದೇ ಬಣ್ಣದ ಚಿತ್ರ. ವ್ಯತ್ಯಾಸ ಇರುವುದು ಕೊಳವೆಯ ತಳದಲ್ಲಿ ಕೂತಿರುವ ಕನ್ನಡಿಯ ಮೈಯಲ್ಲಿ. ಅದು ಎಷ್ಟು ಸೂಕ್ಷ್ಮದ ವ್ಯತ್ಯಾಸವೆಂದರೆ, ಮಿಲಿಮೀಟರನ್ನು ಹದಿನಾಲ್ಕು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು ತಪ್ಪು ಆಕಾರದಲ್ಲಿದ್ದರೂ ಗುರುಗ್ರಹದ ಪಟ್ಟಿಗಳು ಮಸುಕಾಗತೊಡಗುತ್ತವೆ. ಕನ್ನಡಿಯಲ್ಲಿ ಬೆಳಕು ಹೋಗಿ ತಿರುಗಿ ಬರುವುದರಿಂದ ಅಷ್ಟು ಸಣ್ಣ ತಪ್ಪು ಅಲೆಯಲ್ಲಿ ಇಮ್ಮಡಿಯಾಗಿ, ಹಸಿರು ಬೆಳಕಿನ ಅಲೆಯುದ್ದದ ಕಾಲು ಭಾಗಕ್ಕೆ ಬಂದು ಮುಟ್ಟುತ್ತದೆ. ಆ ಕಾಲು ಅಲೆಯೇ ಬಹಳ ಕಾಲದಿಂದ ಒಪ್ಪಿತವಾಗಿರುವ ಗಡಿ. ಅದರೊಳಗಿದ್ದರೆ ಕನ್ನಡಿ ಪಾಸು.

ಇಷ್ಟು ಸಣ್ಣ ತಪ್ಪನ್ನು ಮನೆಯಲ್ಲೇ ಕಂಡುಹಿಡಿಯಬಹುದು, ಪ್ರಯೋಗಾಲಯ ಬೇಡ. ದಾರಿ ನಾಲ್ಕಿವೆ: ನಿಜವಾದ ನಕ್ಷತ್ರವನ್ನು ನೋಡುವುದು, ಅಂಗಳದಲ್ಲೇ ಒಂದು ಕೃತಕ ನಕ್ಷತ್ರ ಮಾಡಿಕೊಳ್ಳುವುದು, ಬ್ಲೇಡಿನ ಅಂಚಿನಿಂದ ಬೆಳಕನ್ನು ಕತ್ತರಿಸುವ ಫೂಕೋ ಪರೀಕ್ಷೆ, ಗೆರೆಗಳ ಜಾಲರಿ ಹಿಡಿದು ನೋಡುವ ರೋಂಕಿ ಪರೀಕ್ಷೆ. ಇವುಗಳಲ್ಲಿ ಯಾವುದು ಮೇಲು ಎಂದು ಸುಮ್ಮನೆ ಕೇಳಿದರೆ ಉತ್ತರವಿಲ್ಲ. ನಿಮ್ಮ ಕನ್ನಡಿ ಗೋಳೀಯವೋ (ಚೆಂಡಿನ ಮೈಯಂತೆ ಬಾಗಿದ್ದು) ಪರವಲಯವೋ (ನಡುವೆ ಇನ್ನೂ ತುಸು ಆಳವಾಗಿದ್ದು) ಎಂಬುದರ ಮೇಲೆ ಪರೀಕ್ಷೆ ಬದಲಾಗುತ್ತದೆ. ಒಂದು ಕನ್ನಡಿಯನ್ನು ಪಾಸು ಮಾಡುವ ಚಿತ್ರವೇ ಇನ್ನೊಂದು ಕನ್ನಡಿಯನ್ನು ಫೇಲು ಮಾಡುತ್ತದೆ. ಇದನ್ನು ಗಮನಿಸದೆ ಪರೀಕ್ಷೆ ಮಾಡಿದವರು ಒಳ್ಳೆಯದನ್ನು ವಾಪಸು ಕಳಿಸಿ ಕೆಟ್ಟದ್ದನ್ನು ಇಟ್ಟುಕೊಂಡುಬಿಡುವ ಸಾಧ್ಯತೆ ಇದೆ. ಇನ್ನೊಂದು ಸಂಗತಿ ನಮ್ಮ ಊರಿಗೆ ಸಂಬಂಧಿಸಿದ್ದು. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಡಲ ಬದಿಯಲ್ಲಿ, ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಾಗದಲ್ಲಿ. ಯುರೋಪ್, ಅಮೆರಿಕಕ್ಕಾಗಿ ಬರೆದ ಸಲಹೆಗಳಲ್ಲಿ ಕೆಲವು ಇಲ್ಲಿ ಹಾಗೆಯೇ ನಡೆಯುವುದಿಲ್ಲ.

ಕೊಳವೆಯ ಮೇಲಿನ ಎರಡು ಅಂಕಿಗಳು

ಪೆಟ್ಟಿಗೆ ಬಿಚ್ಚಿದ ಕೂಡಲೇ ಫೋಕಸರ್ (ಕಣ್ಣಿಡುವ ಮಸೂರವನ್ನು ಹಿಂದೆಮುಂದೆ ಸರಿಸುವ ಭಾಗ) ಹತ್ತಿರ ಅಂಟಿಸಿದ ಚೀಟಿ ನೋಡಿ. 76/700, 114/900, 130/650 ಎಂಬ ಥರದ ಅಂಕಿಗಳಿರುತ್ತವೆ. ಮೊದಲನೆಯದು ಕನ್ನಡಿಯ ವ್ಯಾಸ, ಎರಡನೆಯದು ಸಂಗಮದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಕನ್ನಡಿ ಒಂದೆಡೆ ಸೇರಿಸುವ ದೂರ; ಎರಡೂ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿ ಎಫ್ ಅನುಪಾತ; 5 ಬಂದರೆ ಎಫ್/5 ಎಂದು ಬರೆಯುತ್ತಾರೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ 675 ಪಟ್ಟು, 525 ಪಟ್ಟು ಎಂಬ ವರ್ಧನೆಯನ್ನು (ವಸ್ತುವನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಲೆಕ್ಕವನ್ನು) ಮರೆತುಬಿಡಿ. ವ್ಯಾಸದ ಎರಡರಷ್ಟು, ಅಂದರೆ 76ಕ್ಕೆ ಸುಮಾರು 150 ಪಟ್ಟು, ಅದಕ್ಕಿಂತ ಮೇಲೆ ಹೋದರೆ ದೊಡ್ಡದಾದ ಮಸುಕು ಮಾತ್ರ.

ದೂರದ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರುವುದು ಪರವಲಯ ಆಕಾರದ ಕನ್ನಡಿ. ಗೋಳದ ಆಕಾರ ಅದನ್ನು ಪೂರ್ತಿ ಮಾಡಲಾರದು. ಅಂಚಿಗೆ ಬಿದ್ದ ಕಿರಣಗಳು ನಡುವಿನವುಗಳಿಗಿಂತ ಸ್ವಲ್ಪ ಮುಂಚೆಯೇ ಸೇರಿಬಿಡುತ್ತವೆ. ಆದರೆ ಗೋಳೀಯ ಕನ್ನಡಿ ಮಾಡುವುದು ಬಹಳ ಸುಲಭ, ಅಗ್ಗ. ಕನ್ನಡಿ ಚಿಕ್ಕದಾಗಿದ್ದು ಸಂಗಮದೂರ ಉದ್ದವಾಗಿದ್ದರೆ ಎರಡು ಆಕಾರಗಳ ನಡುವಿನ ಅಂತರವೇ ನಗಣ್ಯ. 1668ರಲ್ಲಿ ನ್ಯೂಟನ್ ಮಾಡಿದ ಮೊದಲ ಕನ್ನಡಿ ದೂರದರ್ಶಕದಲ್ಲಿದ್ದದ್ದೂ ಗೋಳೀಯ ಕನ್ನಡಿಯೇ. ಲೆಕ್ಕ ಹಾಕಿದರೆ, 76/700ರಲ್ಲಿ ಗೋಳೀಯ ಕನ್ನಡಿಯಿಂದ ಬರುವ ತಪ್ಪು ಅಲೆಯ ಹನ್ನೆರಡನೇ ಒಂದು ಭಾಗದಷ್ಟು. ಏನೂ ಚಿಂತೆಯಿಲ್ಲ. 114/900ರಲ್ಲಿ ಅಲೆಯ ಐದನೇ ಒಂದು ಭಾಗ. ಗಡಿಯ ಹತ್ತಿರ, ಆದರೂ ಒಳಗೆ. 130/650ಕ್ಕೆ ಬಂದರೆ ಅದೇ ಗೋಳ ಅಲೆಯ ಹತ್ತರಲ್ಲಿ ಒಂಬತ್ತು ಭಾಗದಷ್ಟು ತಪ್ಪು ಕೊಡುತ್ತದೆ. ಅಂದರೆ 130/650, 150/750 ಎಂಬ ಎಫ್/5 ದೂರದರ್ಶಕಗಳಲ್ಲಿ ಕನ್ನಡಿ ಪರವಲಯವೇ ಆಗಿರಬೇಕು, ಬೇರೆ ಮಾತಿಲ್ಲ. ಮೇಜಿನ ಮೇಲಿಡುವ 76/300 ಎಂಬ ಪುಟಾಣಿಗಳಲ್ಲಿ ಕನ್ನಡಿ ಗೋಳೀಯವಾಗಿದ್ದರೆ ತಪ್ಪು ಒಂದು ಅಲೆಯನ್ನೂ ದಾಟುತ್ತದೆ. ಇಪ್ಪತ್ತು ಮೂವತ್ತು ಪಟ್ಟಿನಲ್ಲಿ ಚಂದ್ರನನ್ನೂ ಕೃತ್ತಿಕೆಯನ್ನೂ ನೋಡಲು ಅದು ಮುದ್ದಾದ ಉಪಕರಣ, ಆದರೆ ಶನಿಗಾಗಿ ಅದನ್ನು ಕೊಳ್ಳಬೇಡಿ.

ಮೂರನೆಯ ಜಾತಿಯೊಂದಿದೆ, ಅದರ ಬಗ್ಗೆ ಎಚ್ಚರ ಬೇಕು. ಚೀಟಿಯಲ್ಲಿ 114/1000 ಅಥವಾ 127/1000 ಎಂದಿರುತ್ತದೆ, ಕೊಳವೆ ಮಾತ್ರ ಅರ್ಧ ಮೀಟರಿನ ಆಸುಪಾಸು. ಒಂದು ಮೀಟರ್ ಸಂಗಮದೂರದ ಸಾದಾ ನ್ಯೂಟನ್ ದೂರದರ್ಶಕಕ್ಕೆ ಸುಮಾರು ಒಂದು ಮೀಟರ್ ಕೊಳವೆ ಬೇಕು. ಇಲ್ಲಿ ಹಾಗಿಲ್ಲದಿರಲು ಕಾರಣ, ತಳದಲ್ಲಿ ಸಂಗಮದೂರ ಕಡಿಮೆಯಿರುವ ಗೋಳೀಯ ಕನ್ನಡಿ, ಫೋಕಸರ್ ಕೊಳವೆಯೊಳಗೆ ಅದರ ತಪ್ಪನ್ನು ತಿದ್ದಲು ಒಂದು ಮಸೂರ. ಬರ್ಡ್-ಜೋನ್ಸ್ ಎಂದು ಈ ವಿನ್ಯಾಸದ ಹೆಸರು. ಚೆನ್ನಾಗಿ ಮಾಡಿದರೆ ಇದೂ ಕೆಲಸ ಮಾಡುತ್ತದೆ. ಅಗ್ಗದ ಮಾಲಿನಲ್ಲಿ ಆ ಮಸೂರದ ಗುಣವನ್ನೂ ಅದು ಕೂತಿರುವ ರೀತಿಯನ್ನೂ ನಂಬುವುದು ಕಷ್ಟ. ಮೇಲಾಗಿ ಆ ಮಸೂರ ನಡುವೆ ಇರುವುದರಿಂದ ಕನ್ನಡಿಗಳನ್ನು ನೇರ ಮಾಡುವ ಕೆಲಸವೂ ತೊಡಕಾಗುತ್ತದೆ. ಇನ್ನೂ ಕೊಂಡಿಲ್ಲದವರಿಗೆ ನನ್ನ ಮಾತು: ಕೊಳವೆ ಕುಳ್ಳಗಿದ್ದು ಸಂಗಮದೂರ ಉದ್ದ ಬರೆದಿದ್ದರೆ ಬಿಟ್ಟುಬಿಡಿ, ಅದೇ ಬೆಲೆಯ 114/900 ಹುಡುಕಿ.

ಪರೀಕ್ಷೆಗೆ ಮುಂಚಿನ ಕೆಲಸ

ಕನ್ನಡಿಯನ್ನು ದೂರುವ ಮೊದಲು ಎರಡು ಸಂಗತಿ ನೋಡಲೇಬೇಕು. ದೂರದರ್ಶಕ ಪಾರ್ಸೆಲ್ ಲಾರಿಗಳಲ್ಲಿ ಕುಲುಕಿಕೊಂಡು ಬಂದಿರುತ್ತದೆ, ಕನ್ನಡಿಗಳು ಒಂದಕ್ಕೊಂದು ನೇರ ಇರುವುದಿಲ್ಲ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕೂರುವ ಕೊಳವೆಗೆ ಸರಿಹೊಂದುವ ಒಂದು ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ ಚಿಕ್ಕ ತೂತು ಕೊರೆದು ಅದರಿಂದ ಒಳಗೆ ನೋಡಿ. ಓರೆ ಕನ್ನಡಿ (ಬೆಳಕನ್ನು ಐಪೀಸಿನ ಕಡೆಗೆ ತಿರುಗಿಸುವ ಚಿಕ್ಕ ಕನ್ನಡಿ), ಅದರೊಳಗೆ ಮುಖ್ಯ ಕನ್ನಡಿ, ಅದರೊಳಗೆ ನಿಮ್ಮ ಕಣ್ಣಿನ ತೂತು, ಎಲ್ಲವೂ ಒಂದೇ ಕೇಂದ್ರದಲ್ಲಿ ಕಾಣುವವರೆಗೆ ಹಿಂದಿನ ಮೂರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಇದಕ್ಕೆ ಕೊಲಿಮೇಷನ್ ಎನ್ನುತ್ತಾರೆ. ಇದಾಗದೆ ಮಾಡಿದ ಯಾವ ಪರೀಕ್ಷೆಗೂ ಬೆಲೆಯಿಲ್ಲ.

ಎರಡನೆಯದು, ಕನ್ನಡಿಯನ್ನು ಹಿಡಿದಿರುವ ಮೂರು ಕ್ಲಿಪ್ಪುಗಳು. ಕಾರ್ಖಾನೆಯಲ್ಲಿ ಸಾಗಣೆಗೆಂದು ಇವನ್ನು ಬಿಗಿದು ಕಳಿಸುವುದುಂಟು. ಬಿಗಿದ ಗಾಜು ಬಾಗುತ್ತದೆ, ನಕ್ಷತ್ರ ಮೂರು ಮೂಲೆಯ ಆಕಾರ ತಾಳುತ್ತದೆ. ಕ್ಲಿಪ್ಪಿನ ಕೆಳಗೆ ಒಂದು ಕಾಗದದ ತುಂಡು ಸಲೀಸಾಗಿ ಜಾರುವಷ್ಟು ಸಡಿಲ ಮಾಡಿದರೆ ಸಾಕು. ಕನ್ನಡಿಯೇ ಕೆಟ್ಟಿದೆ ಎಂದು ಜನ ಕೈಬಿಟ್ಟ ಎಷ್ಟೋ ದೂರದರ್ಶಕಗಳ ರೋಗ ಇಷ್ಟೇ. ಕೆಲವು ಮಾದರಿಗಳಲ್ಲಿ ಇದಕ್ಕಾಗಿ ಕನ್ನಡಿಯ ತಟ್ಟೆಯನ್ನು ಹೊರತೆಗೆಯಬೇಕು. ವಾಪಸು ಕೊಡುವ ಅವಧಿ ಮುಗಿದಿಲ್ಲವಾದರೆ ಮೊದಲು ಬಿಚ್ಚದೆಯೇ ಆಗುವ ಪರೀಕ್ಷೆ ಮುಗಿಸಿಕೊಳ್ಳಿ.

ಕನ್ನಡಿಯ ಮೇಲೆ ಒಂದೆರಡು ಚುಕ್ಕಿ, ತೆಳು ಧೂಳು ಕಂಡರೆ ಗಾಬರಿ ಬೇಡ, ಒರೆಸಲು ಹೋಗಲೇಬೇಡಿ. ಅದರಿಂದ ಬೆಳಕು ಕೂದಲೆಳೆಯಷ್ಟು ಕಡಿಮೆಯಾಗುತ್ತದೆಯೇ ಹೊರತು ಆಕಾರ ಕೆಡುವುದಿಲ್ಲ.

ನಿಜವಾದ ನಕ್ಷತ್ರ, ಮತ್ತು ಧ್ರುವ ಯಾಕೆ ಬೇಡ

ನಕ್ಷತ್ರ ಪರೀಕ್ಷೆಗೆ ಬೇರೆ ಯಾವ ಸಲಕರಣೆಯೂ ಬೇಡ, ಅದು ಇಡೀ ದೂರದರ್ಶಕವನ್ನು ಒಟ್ಟಿಗೆ ಪರೀಕ್ಷಿಸುತ್ತದೆ, ಏನನ್ನೂ ಬಿಚ್ಚಬೇಕಿಲ್ಲ. ದೂರದರ್ಶಕವನ್ನು ಅರ್ಧ ಗಂಟೆ ಹೊರಗಿಟ್ಟು ಗಾಜು ತಣಿಯಲು ಬಿಡಿ. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ನಟ್ಟನಡುವೆ ತಂದು, ವ್ಯಾಸದ ಅಂಕಿಯಷ್ಟೇ ಪಟ್ಟು ವರ್ಧನೆ ಬರುವ ಐಪೀಸ್ ಹಾಕಿ. 130/650ಕ್ಕೆ 6 ಮಿ.ಮೀ. ಐಪೀಸ್ ಎಂದರೆ 108 ಪಟ್ಟು, ಸರಿಯಾಗುತ್ತದೆ. ಜೊತೆಗೆ ಬರುವ 4 ಮಿ.ಮೀ. ಐಪೀಸುಗಳನ್ನು ನೆಚ್ಚಬೇಡಿ, ಗೆಳೆಯರಿಂದಲಾದರೂ ಒಂದು ಪ್ಲಾಸಲ್ (ನಾಲ್ಕು ಮಸೂರಗಳ ಉತ್ತಮ ವಿನ್ಯಾಸದ) ಐಪೀಸ್ ಎರವಲು ತನ್ನಿ. ಈಗ ಫೋಕಸನ್ನು ಸ್ವಲ್ಪ ಒಳಕ್ಕೆ ತಿರುಗಿಸಿ. ನಕ್ಷತ್ರ ಒಂದು ತಟ್ಟೆಯಾಗಿ ಅರಳಿ, ಐದಾರು ಉಂಗುರಗಳು, ನಡುವೆ ಓರೆ ಕನ್ನಡಿಯ ಕಪ್ಪು ನೆರಳು ಕಾಣಬೇಕು. ಆಮೇಲೆ ಅಷ್ಟೇ ಹೊರಕ್ಕೆ ತಿರುಗಿಸಿ. ಎರಡೂ ಕಡೆಯ ಚಿತ್ರ ಒಂದೇ ಥರ ಇದ್ದರೆ ನಿಮ್ಮ ದೂರದರ್ಶಕ ಒಳ್ಳೆಯದು. ಅಷ್ಟೇ ಪರೀಕ್ಷೆ.

ಬೇರೆಬೇರೆ ಇದ್ದರೆ ಓದುವುದು ಹೀಗೆ. ಒಳಬದಿಯಲ್ಲಿ ಹೊರಗಿನ ಉಂಗುರ ಗಟ್ಟಿಯಾಗಿ ಹೊಳೆದು, ಹೊರಬದಿಯಲ್ಲಿ ಅಂಚು ಮಸುಕಾಗಿ ನಡುಭಾಗ ಬೆಳಗಿದರೆ ಕನ್ನಡಿ ಗೋಳದ ಕಡೆಗೇ ಉಳಿದಿದೆ, ಪರವಲಯದವರೆಗೆ ಹೋಗಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಕಂಡರೆ ಅಗತ್ಯಕ್ಕಿಂತ ಹೆಚ್ಚು ತೋಡಿದ್ದಾರೆ. ತಟ್ಟೆ ಒಂದು ಬದಿಯಲ್ಲಿ ಮೊಟ್ಟೆಯಾಕಾರವಾಗಿದ್ದು ಇನ್ನೊಂದು ಬದಿಗೆ ಹೋದಾಗ ಆ ಮೊಟ್ಟೆ ಅಡ್ಡ ತಿರುಗಿದರೆ ಅಸ್ಟಿಗ್ಮ್ಯಾಟಿಸಂ. ಆಗ ನಿಮ್ಮ ತಲೆಯನ್ನು ಓರೆ ಮಾಡಿ ನೋಡಿ. ಮೊಟ್ಟೆಯೂ ಜೊತೆಗೆ ತಿರುಗಿದರೆ ದೋಷ ನಿಮ್ಮ ಕಣ್ಣಿನದು. ಐಪೀಸನ್ನು ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಎರಡಕ್ಕೂ ಅಲುಗದಿದ್ದರೆ ಮಾತ್ರ ಕನ್ನಡಿಗಳ ಮೇಲೆ ಅನುಮಾನಪಡಬೇಕು. ಒಳಬದಿಯ ತಟ್ಟೆಯ ಸುತ್ತ ರೋಮದಂಥ ಮಸುಕು ಹರಡಿಕೊಂಡಿದ್ದರೆ ಕನ್ನಡಿಯ ಅಂಚು ಕುಸಿದಿದೆ. ಅಗ್ಗದ ಕನ್ನಡಿಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷ ಇದು, ಇದಕ್ಕೆ ಮದ್ದೂ ಇದೆ, ಕೊನೆಗೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಈ ಪರೀಕ್ಷೆ ಅತಿ ಸೂಕ್ಷ್ಮ. ಎರಡು ಬದಿಗಳಲ್ಲಿ ಸಣ್ಣ ವ್ಯತ್ಯಾಸ ಕಂಡ ಮಾತ್ರಕ್ಕೆ ದೂರದರ್ಶಕ ವಾಪಸು ಮಾಡುವುದು ಅನ್ಯಾಯ. ಫೆಬ್ರವರಿ, ಮಾರ್ಚ್ ತಿಂಗಳ ಸಂಜೆ ಪುನರ್ವಸುವಿನ ಜೋಡಿ ನಕ್ಷತ್ರಗಳಲ್ಲಿ ಉತ್ತರದ್ದಾದ ಕ್ಯಾಸ್ಟರನ್ನು ನೂರು ಪಟ್ಟಿನಲ್ಲಿ ನೋಡಿ. ಅದು ಐದಾರು ಆರ್ಕ್‌ಸೆಕೆಂಡ್ ಅಂತರದ ಎರಡು ನಕ್ಷತ್ರ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). 76 ಮಿ.ಮೀ. ಕನ್ನಡಿಗೆ ತತ್ತ್ವದಲ್ಲಿ ಒಂದೂವರೆ ಆರ್ಕ್‌ಸೆಕೆಂಡಿನವರೆಗೂ ಬಿಡಿಸುವ ಶಕ್ತಿಯಿದೆ. ಹಾಗಾಗಿ ಗಾಳಿ ಶಾಂತವಾಗಿರುವ ರಾತ್ರಿ ಕ್ಯಾಸ್ಟರ್ ಎರಡಾಗಿ ಸ್ಪಷ್ಟವಾಗಿ ಬಿಡಿಸಿಕೊಂಡರೆ, ಉಂಗುರಗಳಲ್ಲಿ ಚೂರುಪಾರು ಹೆಚ್ಚುಕಡಿಮೆಯಿದ್ದರೂ ಇಟ್ಟುಕೊಳ್ಳಿ. ಬಿಡಿಸಿಕೊಳ್ಳದಿದ್ದರೆ ಎಲ್ಲೋ ದೊಡ್ಡ ತಪ್ಪಿದೆ.

ಈಗ ಧ್ರುವದ ವಿಷಯ. ನಕ್ಷತ್ರ ಪರೀಕ್ಷೆಗೆ ಧ್ರುವವನ್ನೇ ಬಳಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಕಾರಣವೂ ಸರಿ: ಧ್ರುವ ಅಲುಗುವುದಿಲ್ಲ, ಮೋಟರಿಲ್ಲದ ಸ್ಟ್ಯಾಂಡಿನಲ್ಲಿಯೂ ನಿಧಾನವಾಗಿ ನೋಡಬಹುದು. ಲಂಡನ್ನಿನಲ್ಲಿ ಧ್ರುವ 51 ಡಿಗ್ರಿ ಎತ್ತರದಲ್ಲಿದೆ, ಅಲ್ಲಿ ಇದು ಒಳ್ಳೆಯ ಉಪಾಯ. ನಮ್ಮಲ್ಲಿ ಅದು ಬರಿಯ ಹನ್ನೆರಡೂವರೆ ಡಿಗ್ರಿ ಮೇಲೆ, ತೋಟದ ಅಡಿಕೆ ಮರಗಳ ತಲೆಗೆ ತಾಗಿಕೊಂಡಂತೆ ಇರುತ್ತದೆ. ಅಷ್ಟು ಕೆಳಗಿರುವ ನಕ್ಷತ್ರದ ಬೆಳಕು ನೆತ್ತಿಯ ನಕ್ಷತ್ರದ ಬೆಳಕಿಗಿಂತ ನಾಲ್ಕೂವರೆ ಪಟ್ಟು ಹೆಚ್ಚು ಗಾಳಿಯನ್ನು ತೂರಿ ಬರಬೇಕು. ಆ ಗಾಳಿಯಲ್ಲಿ ತಟ್ಟೆ ಕುದಿಯುತ್ತದೆ, ಬಣ್ಣಗಳು ಬಿಡಿಯಾಗಿ ನಕ್ಷತ್ರ ಮೇಲೆ ಕೆಳಗೆ ಎಳೆದಂತೆ ಕಾಣುತ್ತದೆ. ನೋಡಿದವರು ಕನ್ನಡಿಯಲ್ಲಿ ಅಸ್ಟಿಗ್ಮ್ಯಾಟಿಸಂ ಇದೆ ಎಂದುಕೊಳ್ಳುತ್ತಾರೆ. 2.34 ಮೀಟರ್ ಕನ್ನಡಿಯ ವೈನು ಬಪ್ಪು ದೂರದರ್ಶಕವಿರುವ ತಮಿಳುನಾಡಿನ ಕಾವಲೂರು ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿದೆ; ಅಲ್ಲಿಯೂ ಧ್ರುವ ಇಷ್ಟೇ ಕೆಳಗೆ. ಕಾಸರಗೋಡಿನವರಾಗಲಿ, ದಕ್ಷಿಣ ಕನ್ನಡದವರಾಗಲಿ, ಕೃಷ್ಣಗಿರಿ, ಹೊಸೂರಿನ ಕನ್ನಡಿಗರಾಗಲಿ ಧ್ರುವವನ್ನು ಈ ಕೆಲಸಕ್ಕೆ ಬಳಸಬಾರದು.

ಧ್ರುವ ಕೈಕೊಟ್ಟರೇನು, ನಮ್ಮ ನೆತ್ತಿಯ ಮೇಲೆ ಒಳ್ಳೊಳ್ಳೆಯ ನಕ್ಷತ್ರಗಳು ಹಾಯುತ್ತವೆ. ಡಿಸೆಂಬರ್, ಜನವರಿಯ ರಾತ್ರಿ ಒಂಬತ್ತರ ಹೊತ್ತಿಗೆ ರೋಹಿಣಿ, ಮಾರ್ಚ್ ಕೊನೆ, ಏಪ್ರಿಲಿನಲ್ಲಿ ಮಖೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್ ಮೊದಲ ವಾರದ ರಾತ್ರಿ ಎಂಟಕ್ಕೆ ಶ್ರವಣ. ಮಖೆಯಂತೂ ಕಾಸರಗೋಡಿನಲ್ಲಿ ಹೆಚ್ಚುಕಡಿಮೆ ಸರಿಯಾಗಿ ನೆತ್ತಿಯನ್ನೇ ದಾಟುತ್ತದೆ. ನಕ್ಷತ್ರ ಚಲಿಸುತ್ತದೆ, ನಿಜ. ನೂರು ಪಟ್ಟಿನಲ್ಲಿ ಅದು ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಎರಡು ನಿಮಿಷ ಸಾಕು, ನಡುಭಾಗದಲ್ಲಿ ಇರುವುದು ಇನ್ನೂ ಕಡಿಮೆ ಹೊತ್ತು. ನಡುವಿಗೆ ತರುತ್ತಾ ನೋಡುತ್ತಾ ಇರಬೇಕಾಗುತ್ತದೆ. ಸರಿಯಾಗಿ ನೆತ್ತಿಗೆ ತಿರುಗಿಸಿದ ಕೊಳವೆಯನ್ನು ಅಲುಗಿಸುವುದು ಸಣ್ಣ ಸ್ಟ್ಯಾಂಡುಗಳಲ್ಲಿ ಹಿಂಸೆ, ಆದ್ದರಿಂದ ನಕ್ಷತ್ರ ಅರುವತ್ತು ಎಪ್ಪತ್ತು ಡಿಗ್ರಿ ಎತ್ತರದಲ್ಲಿರುವಾಗಲೇ ಮುಗಿಸಿಬಿಡಿ.

ಅಂಗಳದ ನಕ್ಷತ್ರ

ಮೋಡ, ಚಲನೆ, ಗಾಳಿ, ಎಲ್ಲದರ ತೊಂದರೆ ತಪ್ಪಿಸಲು ಒಂದು ಉಪಾಯವಿದೆ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಿಂದಿನ ಚಕ್ರದ ಬೇರಿಂಗಿಗೆ ಹಾಕುವ ಕಾಲು ಇಂಚಿನ ಉಕ್ಕಿನ ಗುಂಡೊಂದನ್ನು ಕೇಳಿ ತನ್ನಿ. ಹೊಸದಾಗಿರಬೇಕು, ಹೊಳೆಯುತ್ತಿರಬೇಕು. ಕಪ್ಪು ಬಟ್ಟೆ ಹೊದಿಸಿದ ಹಲಗೆಗೆ ಅದನ್ನು ಅಂಟಿಸಿ ಬಿಸಿಲಿನಲ್ಲಿಡಿ. ಗುಂಡಿನೊಳಗೆ ಸೂರ್ಯನ ಪ್ರತಿಬಿಂಬ ಕಾಣುತ್ತದಲ್ಲ, ಅದರ ಅಗಲ ಮಿಲಿಮೀಟರಿನ ನೂರರಲ್ಲಿ ಒಂದೂವರೆ ಭಾಗ ಮಾತ್ರ. ಇಪ್ಪತ್ತು ಮೂವತ್ತು ಮೀಟರ್ ದೂರದಿಂದ ಅದು ಬಿಂದುವೇ ಸರಿ, ನಕ್ಷತ್ರಕ್ಕೂ ಅದಕ್ಕೂ ದೂರದರ್ಶಕ ಭೇದ ಮಾಡಲಾರದು. ಪ್ರಖರತೆಯಲ್ಲಿ ಶುಕ್ರಗ್ರಹಕ್ಕೆ ಕಡಿಮೆಯಿಲ್ಲ.

ಎಷ್ಟು ದೂರ ಇಡಬೇಕು? ಹತ್ತಿರವಾದಷ್ಟೂ ಪರವಲಯ ಕನ್ನಡಿ ತಪ್ಪು ತೋರಿಸತೊಡಗುತ್ತದೆ, ಏಕೆಂದರೆ ಅದನ್ನು ಮಾಡಿರುವುದೇ ಅನಂತ ದೂರದ ಬೆಳಕಿಗೆ. 76/700, 114/900ಕ್ಕೆ ಸಂಗಮದೂರದ ಇಪ್ಪತ್ತು ಪಟ್ಟು ಸಾಕು, ಅಂದರೆ 14 ಮೀಟರ್, 18 ಮೀಟರ್. ಇದೇ ಇಪ್ಪತ್ತು ಪಟ್ಟಿನ ಲೆಕ್ಕವನ್ನು 130/650ಕ್ಕೂ ಹಾಕಿ 13 ಮೀಟರಿನಲ್ಲಿ ಗುಂಡು ಇಟ್ಟರೆ, ನಿರ್ದೋಷ ಕನ್ನಡಿಯಲ್ಲೂ ಅಲೆಯ ಆರನೇ ಒಂದು ಭಾಗದಷ್ಟು ಇಲ್ಲದ ದೋಷ ಕಾಣಿಸಿಕೊಳ್ಳುತ್ತದೆ. ಎಫ್/5ಕ್ಕೆ ನಲವತ್ತು ಪಟ್ಟು, 26 ಮೀಟರ್ ಬೇಕೇ ಬೇಕು. ಜಾಗವಿದ್ದರೆ ಇನ್ನೂ ದೂರ ಹೋಗಿ. ನಮ್ಮ ಹಳ್ಳಿಗಳಲ್ಲಿ ಜಾಗಕ್ಕೇನೂ ಬರವಿಲ್ಲ. ಹತ್ತಿರದ ವಸ್ತುವಿಗೆ ಫೋಕಸ್ ಹೊರಕ್ಕೆ ಸರಿಯುವುದು ಗೊತ್ತಿರಲಿ: 14 ಮೀಟರಿನಲ್ಲಿರುವ ಗುಂಡಿಗೆ 76/700ರಲ್ಲಿ ಸುಮಾರು 37 ಮಿ.ಮೀ. ಫೋಕಸರ್ ಅಷ್ಟು ಬರದಿದ್ದರೆ ಐಪೀಸನ್ನು ಪೂರ್ತಿ ಒಳಗೆ ತಳ್ಳದೆ ಸ್ವಲ್ಪ ಹೊರಗೆಳೆದು ಸ್ಕ್ರೂ ಬಿಗಿಯಿರಿ.

ಜಾಗದ ಆಯ್ಕೆಯೇ ಈ ಪರೀಕ್ಷೆಯ ಜೀವಾಳ. ಬೆಳಗ್ಗೆ ಬಿಸಿಲು ಏರುವ ಮೊದಲು, ದೂರದರ್ಶಕವನ್ನು ಮನೆಯ ನೆರಳಿನಲ್ಲಿಟ್ಟು, ಗುಂಡನ್ನು ಪಡುವಣ ದಿಕ್ಕಿನಲ್ಲಿಡಿ. ಸೂರ್ಯ ನಿಮ್ಮ ಬೆನ್ನಿನ ಕಡೆಗಿದ್ದರೆ ಕೊಳವೆ ಆಕಸ್ಮಿಕವಾಗಿಯೂ ಅವನತ್ತ ತಿರುಗುವುದಿಲ್ಲ. ನಡುವೆ ಹುಲ್ಲೋ ಬೈಲೋ ಇದ್ದರೆ ಉತ್ತಮ. ಅಡಿಕೆ ಒಣಗಿಸುವ ಅಂಗಳ, ಕಾಂಕ್ರೀಟ್ ತಾರಸಿ, ಮುರಕಲ್ಲಿನ ಪಾದೆ ಇವುಗಳ ಮೇಲಿಂದ ನೋಡಬೇಡಿ. ಒಂಬತ್ತು ಗಂಟೆಗೇ ಅವು ಕಾದು ಮೇಲಿನ ಗಾಳಿ ನಡುಗತೊಡಗುತ್ತದೆ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದರೆ ಅಲ್ಯೂಮಿನಿಯಂ ಹಾಳೆಗೆ ಸೂಜಿಯ ಮೊನೆಯಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ತೂತು ಮಾಡಿ ಹಿಂದೆ ಎಲ್‌ಇಡಿ ಟಾರ್ಚ್ ಹಿಡಿಯಿರಿ. 14 ಮೀಟರ್ ಉದ್ದದ ಶಾಲೆಯ ವರಾಂಡ ಸಿಕ್ಕರೆ 76/700ರ ಪರೀಕ್ಷೆ ಜಡಿಮಳೆಯಲ್ಲೂ ಆಗುತ್ತದೆ.

ಸೂರ್ಯನ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ಕಂಡ ಮೇಲೆ ದೂರದರ್ಶಕದಿಂದ ಸೂರ್ಯನನ್ನು ನೋಡುವ ಆಸೆ ಹಲವರಲ್ಲಿದೆ. ಕೆಲವು ಅಗ್ಗದ ದೂರದರ್ಶಕಗಳ ಜೊತೆ ಐಪೀಸಿಗೆ ತಿರುಪುವ ಕಪ್ಪು ಸೂರ್ಯ ಫಿಲ್ಟರ್ ಬರುತ್ತದೆ. ಕನ್ನಡಿ ಒಟ್ಟುಗೂಡಿಸಿದ ಶಾಖವೆಲ್ಲ ಅದರ ಮೇಲೆ ಬಿದ್ದು ಅದು ಯಾವ ಕ್ಷಣದಲ್ಲೂ ಸೀಳಬಹುದು, ಆಗ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಅದನ್ನು ಇವತ್ತೇ ಒಡೆದು ಎಸೆಯಿರಿ.

ಬ್ಲೇಡಿನ ಅಂಚು

1851ರಲ್ಲಿ ಲೋಲಕ ತೂಗುಬಿಟ್ಟು ಭೂಮಿ ತಿರುಗುವುದನ್ನು ಪ್ಯಾರಿಸಿನ ಜನಕ್ಕೆ ತೋರಿಸಿದ ಲಿಯೋಂ ಫೂಕೋ, 1858ರಲ್ಲಿ ಕನ್ನಡಿ ಪರೀಕ್ಷೆಯ ಈ ವಿಧಾನವನ್ನು ಕೊಟ್ಟ. ಇಂದಿಗೂ ಕೈಯಿಂದ ಕನ್ನಡಿ ಉಜ್ಜುವವರು ಇದನ್ನೇ ನಂಬುತ್ತಾರೆ. ಕನ್ನಡಿಯನ್ನು ಹೊರತೆಗೆದು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿ, ಸಂಗಮದೂರದ ಎರಡರಷ್ಟು ದೂರದಲ್ಲಿ, ಅಂದರೆ ವಕ್ರತಾ ಕೇಂದ್ರದಲ್ಲಿ, ಸೂಜಿತೂತಿನ ಹಿಂದೆ ದೀಪವನ್ನೂ ಅದರ ಪಕ್ಕದಲ್ಲಿ ಒಂದು ಶೇವಿಂಗ್ ಬ್ಲೇಡನ್ನೂ ಇಡಬೇಕು. ಬ್ಲೇಡಿನ ಹಿಂದೆಯೇ ಕಣ್ಣು. ತಿರುಗಿ ಬರುವ ಬೆಳಕಿನ ಬಿಂದುವನ್ನು ಬ್ಲೇಡು ನಿಧಾನವಾಗಿ ಕತ್ತರಿಸುತ್ತಾ ಹೋದಂತೆ ಕನ್ನಡಿಯ ಮೈಮೇಲಿನ ಉಬ್ಬುತಗ್ಗುಗಳು ಬೆಳಕು ನೆರಳಿನಲ್ಲಿ ಎದ್ದು ಕಾಣುತ್ತವೆ. ಎಷ್ಟು ಸೂಕ್ಷ್ಮವೆಂದರೆ, ಕನ್ನಡಿಯ ಮುಂದೆ ಅಂಗೈ ಹಿಡಿದರೆ ಅದರಿಂದೇಳುವ ಬಿಸಿಗಾಳಿಯೂ ಕಾಣುತ್ತದೆ. ಮೊದಲ ಬಾರಿ ಅದನ್ನು ಕಂಡವರಿಗೆ ಮೈ ಜುಮ್ಮೆನ್ನದೆ ಇರದು.

ಕನ್ನಡಿ ಪಕ್ಕಾ ಗೋಳವಾಗಿದ್ದರೆ ಬ್ಲೇಡು ಸರಿಯಾದ ಜಾಗಕ್ಕೆ ಬಂದಾಗ ಇಡೀ ಮೈ ಒಮ್ಮೆಗೇ ಸಮನಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ನೆರಳು ಬ್ಲೇಡಿನ ಬದಿಯಿಂದಲೇ ಬಂದರೆ ನೀವು ಕನ್ನಡಿಗೆ ಹೆಚ್ಚು ಹತ್ತಿರ ಇದ್ದೀರಿ, ಎದುರು ಬದಿಯಿಂದ ಬಂದರೆ ದೂರ. 76/700ಕ್ಕೂ 114/900ಕ್ಕೂ ಇದಕ್ಕಿಂತ ಒಳ್ಳೆಯ, ಸರಳ ಪರೀಕ್ಷೆ ಇಲ್ಲ. ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಜಾಗವಿದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾಣದ ನಮ್ಮ ಊರಿನಲ್ಲಿ ಬಾಗಿಲು ಹಾಕಿಕೊಂಡು ಮಾಡಬಹುದಾದ ಪರೀಕ್ಷೆ ಇದು.

ಆದರೆ 130/650ರ ಕನ್ನಡಿಯನ್ನು ಹೀಗಿಟ್ಟಾಗ ಇಡೀ ಮೈ ಸಮನಾಗಿ ಬೂದಾದರೆ ಸಂತೋಷಪಡಬೇಡಿ. ಅದು ಗೋಳ ಎಂದರ್ಥ. ಪರವಲಯ ಎಂದು ಹೇಳಿ ಮಾರಿದವರು ಸುಳ್ಳು ಹೇಳಿದ್ದಾರೆ. ಎಫ್/5ರ ಒಳ್ಳೆಯ ಪರವಲಯ ಕನ್ನಡಿ ಇಲ್ಲಿ ಉದ್ದಿನವಡೆಯಂತೆ, ನಡುವೆ ಕುಳಿಬಿದ್ದು ಸುತ್ತ ಉಬ್ಬಿದಂತೆ ಕಾಣಬೇಕು. ಆ ವಡೆಯ ಆಳ ಸರಿಯೇ ಎಂದು ತಿಳಿಯಲು ಕನ್ನಡಿಗೆ ತೂತುಗಳ ಮುಸುಕು ಹಾಕಿ, ನಡುವಿನ ಭಾಗಕ್ಕೂ ಅಂಚಿಗೂ ಬ್ಲೇಡಿನ ಜಾಗ ಎಷ್ಟು ಬದಲಾಯಿತೆಂದು ಅಳೆಯಬೇಕು. ದೀಪ ಬ್ಲೇಡು ಒಟ್ಟಿಗೆ ಸರಿಯುವ ಏರ್ಪಾಡಿನಲ್ಲಿ 130/650ಕ್ಕೆ ಅದು ಬರಿಯ 1.6 ಮಿ.ಮೀ. ಇದನ್ನು ನಂಬಲರ್ಹವಾಗಿ ಅಳೆಯುವುದು ಹೊಸಬರ ಕೆಲಸವಲ್ಲ. ಹಾಗಾಗಿ ಎಫ್/5ಕ್ಕೆ ಫೂಕೋ ಪರೀಕ್ಷೆಯನ್ನು ಒಂದೇ ಪ್ರಶ್ನೆಗೆ ಬಳಸಿ: ಇದು ಗೋಳವೋ ಅಲ್ಲವೋ. ಉಳಿದದ್ದನ್ನು ನಕ್ಷತ್ರಕ್ಕೆ ಬಿಡಿ.

ಬರ್ಡ್-ಜೋನ್ಸ್ ಕನ್ನಡಿಗಳಂತೂ ಈ ಪರೀಕ್ಷೆಯಲ್ಲಿ ಗೋಳವಾಗಿ ಚಂದ ಪಾಸಾಗಬಹುದು. ಅದು ಮಸೂರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಇಡೀ ದೂರದರ್ಶಕವನ್ನು ನಕ್ಷತ್ರಕ್ಕೋ ಗುಂಡಿಗೋ ತಿರುಗಿಸಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ.

ಗೆರೆಗಳ ಜಾಲರಿ

ಇಟಲಿಯ ವಾಸ್ಕೊ ರೋಂಕಿ 1923ರಲ್ಲಿ ಪ್ರಕಟಿಸಿದ ವಿಧಾನ ಇದು. ಮಿಲಿಮೀಟರಿಗೆ ನಾಲ್ಕು ಗೆರೆಯಿರುವ ಪಾರದರ್ಶಕ ಹಾಳೆಯ ಚಿಕ್ಕ ತುಂಡನ್ನು ಐಪೀಸಿನ ಜಾಗದಲ್ಲಿ ಹಿಡಿದು ನಕ್ಷತ್ರವನ್ನು ನೋಡಿದರೆ ಬೆಳಗುವ ತಟ್ಟೆಯ ಮೇಲೆ ಕಪ್ಪು ಗೆರೆಗಳು ಕಾಣುತ್ತವೆ. ಗೆರೆ ನೇರವಾಗಿದ್ದರೆ ಕನ್ನಡಿ ಸರಿ. ಫೋಕಸಿನ ಒಳಬದಿಯಲ್ಲಿ ಗೆರೆಗಳು ನಡುವೆ ಸೊಂಟ ಹಿಂಡಿದಂತೆ ಹತ್ತಿರವಾಗಿ, ಹೊರಬದಿಯಲ್ಲಿ ಪೀಪಾಯಿಯಂತೆ ಉಬ್ಬಿದರೆ ಕನ್ನಡಿ ಗೋಳದ ಕಡೆಗಿದೆ. ತುದಿಗಳು ಮಾತ್ರ ಕೊಕ್ಕೆಯಂತೆ ಬಾಗಿದರೆ ಅಂಚು ಕುಸಿದಿದೆ. ಇದರ ಅನುಕೂಲ ಎಂದರೆ ಓದಲು ಕಣ್ಣಿಗೆ ಅಭ್ಯಾಸ ಬೇಕಿಲ್ಲ, ಐಪೀಸಿನ ದೋಷ ನಡುವೆ ಬರುವುದಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ಇನ್ನೊಬ್ಬರಿಗೆ ತೋರಿಸಬಹುದು. ಕೊರತೆಯೆಂದರೆ ಸಣ್ಣ ದೋಷಗಳಿಗೆ ಇದು ನಕ್ಷತ್ರ ಪರೀಕ್ಷೆಯಷ್ಟು ಚುರುಕಲ್ಲ. ಜಾಲರಿಯನ್ನೂ ಆನ್‌ಲೈನಿನಲ್ಲಿ ತರಿಸಬೇಕು. ಇಲ್ಲೂ ಅದೇ ಎಚ್ಚರ: ನಕ್ಷತ್ರವನ್ನು ನೋಡುವಾಗ ನೇರ ಗೆರೆ ಕೊಡುವುದು ಪರವಲಯ, ಮೇಜಿನ ಮೇಲೆ ವಕ್ರತಾ ಕೇಂದ್ರದಲ್ಲಿ ನೇರ ಗೆರೆ ಕೊಡುವುದು ಗೋಳ.

ಯಾರಿಗೆ ಯಾವುದು

ಆನ್‌ಲೈನಿನಲ್ಲಿ ತರಿಸಿ ಇನ್ನೂ ವಾಪಸು ಮಾಡುವ ಅವಧಿಯಲ್ಲಿರುವವರಿಗೆ ನನ್ನ ಮೊದಲ ಆಯ್ಕೆ ಸೈಕಲ್ ಗುಂಡು. ಒಂದು ಬೆಳಗಿನಲ್ಲಿ ಮುಗಿಯುತ್ತದೆ, ಏನನ್ನೂ ಬಿಚ್ಚುವುದಿಲ್ಲ, ಬೆಳಕಿನ ಬಿಂದು ಜಾಗ ಬಿಟ್ಟು ಕದಲುವುದಿಲ್ಲ. ಅನುಮಾನ ಉಳಿದರೆ ಅದೇ ವಾರ ಒಂದು ರಾತ್ರಿ ರೋಹಿಣಿಯನ್ನೋ ಮಖೆಯನ್ನೋ ನೋಡಿ ಖಚಿತಪಡಿಸಿಕೊಳ್ಳಿ. ಇದೇ ಕಾರಣಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಕಾಸರಗೋಡಿನಲ್ಲಿ ದೂರದರ್ಶಕ ತರಿಸಲೇಬಾರದು ಎನ್ನುತ್ತೇನೆ. ಬಿಸಿಲೂ ಇಲ್ಲ, ನಕ್ಷತ್ರವೂ ಇಲ್ಲ, ಅವಧಿ ಮಾತ್ರ ಮುಗಿದುಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಹಳೆಯದನ್ನು ಕೊಂಡವರು, ಅಥವಾ ಶಾಲೆಯ ಕಪಾಟಿನಲ್ಲಿ ವರ್ಷಗಳಿಂದ ಬಿದ್ದಿರುವ 76/700, 114/900 ಕೈಗೆ ಬಂದವರು ಫೂಕೋ ಪರೀಕ್ಷೆ ಮಾಡಿ. ವಾಪಸು ಕೊಡುವ ಮಾತಿಲ್ಲದ್ದರಿಂದ ಬಿಚ್ಚಲು ಹೆದರಬೇಕಿಲ್ಲ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ನಿಮ್ನ ದರ್ಪಣ, ವಕ್ರತಾ ಕೇಂದ್ರ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವುದಕ್ಕಿಂತ ಆ ಬೂದು ತಟ್ಟೆಯನ್ನು ಒಮ್ಮೆ ತೋರಿಸುವುದು ಸಾವಿರ ಪಾಲು ಮೇಲು. ಎಫ್/5 ದೂರದರ್ಶಕದವರು ಗುಂಡು ಮತ್ತು ನಕ್ಷತ್ರವನ್ನೇ ನೆಚ್ಚಿಕೊಳ್ಳಲಿ. ಇನ್ನೊಬ್ಬರಿಗೆ ತೋರಿಸಿ ಸಲಹೆ ಕೇಳಬೇಕಿದ್ದರೆ ರೋಂಕಿ ಜಾಲರಿ ಸೇರಿಸಿಕೊಳ್ಳಲಿ.

ಅಂಗಡಿಯವರು ಹಗಲಲ್ಲಿ ದೂರದ ಮೊಬೈಲ್ ಟವರನ್ನು ತೋರಿಸಿ "ನೋಡಿ ಎಷ್ಟು ಸ್ಪಷ್ಟ" ಎಂದರೆ ಅದನ್ನು ಪರೀಕ್ಷೆ ಎಂದು ಎಣಿಸಬೇಡಿ. ಕಡಿಮೆ ಪಟ್ಟಿನಲ್ಲಿ ಒಂದು ಅಲೆಯ ತಪ್ಪಿರುವ ಕನ್ನಡಿಯೂ ಟವರನ್ನು ಚೆನ್ನಾಗಿಯೇ ತೋರಿಸುತ್ತದೆ.

ದೋಷ ಕಂಡರೆ

ಎಫ್/5ರಲ್ಲಿ ಗೋಳ ಸಿಕ್ಕಿದರೆ ಚರ್ಚೆಯೇ ಬೇಡ, ವಾಪಸು ಮಾಡಿ. ತಲೆ ತಿರುಗಿಸಿದರೂ ಐಪೀಸ್ ತಿರುಗಿಸಿದರೂ ಅಲುಗದ, ಕ್ಲಿಪ್ಪು ಸಡಿಲಿಸಿದ ಮೇಲೂ ಉಳಿಯುವ ಅಸ್ಟಿಗ್ಮ್ಯಾಟಿಸಂ ಕೂಡ ಅದೇ ಸಾಲಿಗೆ. ಫೋಕಸಿನ ಎರಡೂ ಬದಿಯ ಚಿತ್ರಗಳನ್ನು ಮೊಬೈಲನ್ನು ಐಪೀಸಿಗೆ ಹಿಡಿದು ತೆಗೆದಿಟ್ಟುಕೊಂಡರೆ ಮಾರಿದವರೊಡನೆ ಮಾತಾಡಲು ಅನುಕೂಲ.

ಅಂಚು ಕುಸಿದಿದ್ದರೆ ಮಾತ್ರ ದೂರದರ್ಶಕವನ್ನು ಕೈಬಿಡಬೇಕಿಲ್ಲ. ಕಪ್ಪು ದಪ್ಪ ಕಾಗದದಲ್ಲಿ ಒಂದು ಉಂಗುರ ಕತ್ತರಿಸಿ, ಕನ್ನಡಿಯ ಹೊರಗಿನ ಮೂರು ಮಿಲಿಮೀಟರ್ ಮುಚ್ಚುವಂತೆ ಅದರ ಮುಂದೆ, ಗಾಜಿಗೆ ತಾಗದಂತೆ ಕ್ಲಿಪ್ಪುಗಳ ಮೇಲೆ ಕೂರಿಸಿ. 130 ಮಿ.ಮೀ. ಕನ್ನಡಿ 124ಕ್ಕೆ ಇಳಿಯುತ್ತದೆ, ಬೆಳಕು ನೂರಕ್ಕೆ ಒಂಬತ್ತು ಭಾಗ ಕಡಿಮೆಯಾಗುತ್ತದೆ. ಕಣ್ಣಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಉಂಗುರ ಹಾಕಿ ಮತ್ತೊಮ್ಮೆ ಗುಂಡನ್ನು ನೋಡಿ; ಒಳಬದಿಯ ತಟ್ಟೆಯ ಸುತ್ತಲಿನ ರೋಮ ಹೋಗಿ ಅಂಚು ಗೀಟೆಳೆದಂತೆ ಬಂದರೆ ಉಂಗುರದ ಅಗಲ ಸರಿಯಾಗಿದೆ, ಇಲ್ಲವಾದರೆ ಇನ್ನೊಂದು ಮಿಲಿಮೀಟರ್ ಸೇರಿಸಿ.